ಹಾಡು ಮೊದಲು, ಚರ್ಚು ಆಮೇಲೆ: ಅಯೋವಾದ ಕಂದು ಚರ್ಚಿಗೆ ಹೋಗಿ ಬಂದಿದ್ದು

ಅಮೆರಿಕದ ಅಯೋವಾ ರಾಜ್ಯದಲ್ಲಿ ಕಾರಿನಲ್ಲಿ ಓಡಾಡಿದವರಿಗೆ ಗೊತ್ತು, ಇಲ್ಲಿ ಕಣ್ಣು ಹಾಯಿಸಿದಷ್ಟೂ ಹೊಲ. ಮೆಕ್ಕೆಜೋಳ ಮುಗಿದರೆ ಸೋಯಾ, ಸೋಯಾ ಮುಗಿದರೆ ಮತ್ತೆ ಮೆಕ್ಕೆಜೋಳ. ಅಲ್ಲೊಂದು ಇಲ್ಲೊಂದು ಬಿಳಿ ಮನೆ, ಪಕ್ಕದಲ್ಲಿ ಎತ್ತರದ ಕಣಜ. ದಟ್ಟವಾದ ಮರ ಕಾಣಬೇಕಾದರೆ ಯಾವುದಾದರೂ ನದಿ ಹತ್ತಿರ ಬರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ನೋಡಲು ಹೋದ ಪುಟ್ಟ ಚರ್ಚಿನ ಕಥೆ ಅರ್ಥವಾಗಬೇಕಾದರೆ ಈ ಬಯಲು ಮನಸ್ಸಿನಲ್ಲಿರಬೇಕು.

ನಾವಿರುವುದು ಸೀಡರ್ ರ‍್ಯಾಪಿಡ್ಸ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ಮದುವೆಯಾಗಿದ್ದು ನ್ಯಾಶುವಾ ಊರಿನ ಹತ್ತಿರದ ‘ಲಿಟಲ್ ಬ್ರೌನ್ ಚರ್ಚ್’ನಲ್ಲಿ. ಗಿಡಕ್ಕೆ ನೀರು ಹಾಕುವಾಗ ಅವರು ಒಂದು ಹಾಡು ಗುನುಗುತ್ತಿರುತ್ತಾರೆ. ಅದೂ ಆ ಚರ್ಚಿನದೇ. ಸಾಗರದಿಂದ ನಮ್ಮತ್ತೆ ಬಂದಿದ್ದರು. ಅವರು ಮನೆಯಲ್ಲಿ ದಿನಾ ದೇವರನಾಮ ಹೇಳಿಕೊಳ್ಳುವವರು. ಬೇಲಿಯಾಚೆಯ ಆ ಗುನುಗು ಅವರ ಕಿವಿಗೂ ಬಿದ್ದಿತ್ತು. ಅಜ್ಜಿ ಹೇಳಿದರು, “ಶನಿವಾರ ಹೋಗಿ, ಮದುವೆಯೂ ನೋಡಲು ಸಿಗಬಹುದು.” ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಹೊರಟೆವು.

ನಮ್ಮಲ್ಲಿಂದ ವಾಟರ್ಲೂ, ಅಲ್ಲಿಂದ ಉತ್ತರಕ್ಕೆ ‘ಅವೆನ್ಯೂ ಆಫ್ ದ ಸೇಂಟ್ಸ್’ ಅನ್ನುವ ಹೆದ್ದಾರಿ. ಸೇಂಟ್ ಲೂಯಿಸ್ ಮತ್ತು ಸೇಂಟ್ ಪಾಲ್ ನಗರಗಳನ್ನು ಸೇರಿಸುವ ರಸ್ತೆ ಇದು. ಒಟ್ಟು ಸುಮಾರು ಒಂದೂವರೆ ಗಂಟೆಯ ದಾರಿ. ಸೋಯಾ ಹಳದಿಗೆ ತಿರುಗಿತ್ತು, ಜೋಳದ ಗರಿ ಒಣಗಿ ಗಾಳಿಗೆ ಸರಸರ ಅನ್ನುತ್ತಿತ್ತು. ನ್ಯಾಶುವಾ ಇರುವುದು ಸೀಡರ್ ನದಿಯ ದಡದಲ್ಲಿ. ನಮ್ಮೂರಿನ ನಡುವೆ ಹರಿಯುವುದೂ ಇದೇ ನದಿ. ಊರು ದಾಟಿ ಎರಡು ಮೈಲಿ ಹೋದರೆ ಮರಗಳ ಗುಂಪೊಂದು ಕಾಣುತ್ತದೆ. ಅದರ ನೆರಳಿನಲ್ಲೇ ಚರ್ಚು.

ಪೂರ್ತಿ ಮರದ ಹಲಗೆಯ ಕಟ್ಟಡ. ಮುಂದೆ ಚೌಕದ ಗಂಟೆಗೋಪುರ. ಗೋಡೆಗೆಲ್ಲ ತುಕ್ಕಿನ ಛಾಯೆಯ ಕಂದು ಬಣ್ಣ. ಅಮೆರಿಕದ ಹಳ್ಳಿ ಚರ್ಚು ಅಂದರೆ ಬೆಳ್ಳಗೆ ಇರುತ್ತದೆ ಅಂತಲೇ ನಮಗೆ ರೂಢಿ. ಇದು ಹಾಗಿಲ್ಲ. ಮರದ ಕಾಂಡಗಳ ನಡುವೆ ಇನ್ನೊಂದು ಕಾಂಡದ ಹಾಗೆ ಬೆರೆತು ನಿಂತಿದೆ. ಅತ್ತೆ ಇಳಿದವರೇ, “ಇಷ್ಟೇನಾ? ಎಷ್ಟು ಚಿಕ್ಕದು, ಎಷ್ಟು ಚೆಂದ!” ಅಂದರು.

ಈಗ ಕಥೆಗೆ ಬರುತ್ತೇನೆ. ನನ್ನನ್ನು ಇಲ್ಲಿಗೆ ಎಳೆದು ತಂದಿದ್ದೇ ಅದು.

1857ರಲ್ಲಿ ವಿಲಿಯಂ ಪಿಟ್ಸ್ ಅನ್ನುವ ತರುಣನೊಬ್ಬ ವಿಸ್ಕಾನ್ಸಿನ್‌ನಿಂದ ಕುದುರೆಗಾಡಿಯಲ್ಲಿ ಈ ಕಡೆ ಬಂದ. ಅವನು ಸಂಗೀತ ಮೇಷ್ಟ್ರು. ಮದುವೆಯಾಗಬೇಕಿದ್ದ ಹುಡುಗಿ ಅಯೋವಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿದ್ದಳು, ಅವಳನ್ನು ನೋಡಲು ಹೊರಟಿದ್ದ. ದಾರಿಯಲ್ಲಿ ಬ್ರ್ಯಾಡ್‌ಫರ್ಡ್ ಅನ್ನುವ ಊರಿನಲ್ಲಿ ಗಾಡಿ ನಿಂತಿತು. ಸುಮ್ನೆ ಕಾಲಾಡಿಸಲು ಇಳಿದವನಿಗೆ ನದಿಯ ಬದಿಯ ಈ ಮರಗಳ ತೋಪು ಕಣ್ಣಿಗೆ ಬಿತ್ತು. ದಿನಗಟ್ಟಲೆ ಬೋಳು ಬಯಲಿನಲ್ಲಿ ಕುಲುಕುತ್ತಾ ಬಂದವನಿಗೆ ಈ ನೆರಳು ಹೇಗೆ ಕಂಡಿರಬೇಕು! ಇಲ್ಲೊಂದು ಚರ್ಚಿದ್ದರೆ ಎಷ್ಟು ಚೆನ್ನಾಗಿರುತ್ತದೆ ಅನ್ನಿಸಿತು. ಆಗ ಅಲ್ಲಿ ಏನೂ ಇರಲಿಲ್ಲ. ಖಾಲಿ ಜಾಗ. ಆ ಕಲ್ಪನೆ ಅವನನ್ನು ಬಿಡಲಿಲ್ಲ. ಮನೆಗೆ ಹೋದ ಮೇಲೆ ಪದ ಬರೆದ, ರಾಗ ಹಾಕಿದ. ಕಾಡಿನ ನಡುವಿನ ಕಣಿವೆಯಲ್ಲಿ ಒಂದು ಪುಟ್ಟ ಕಂದು ಚರ್ಚು, ತನ್ನ ಬಾಲ್ಯಕ್ಕೆ ಅದಕ್ಕಿಂತ ಪ್ರಿಯವಾದ ಜಾಗ ಬೇರೊಂದಿಲ್ಲ ಅನ್ನುವುದು ಆ ಹಾಡಿನ ತಿರುಳು. ಬರೆದು ಮುಗಿಸಿದಾಗ ಮನಸ್ಸು ಹಗುರಾಯಿತು, ಹಾಡನ್ನು ಎತ್ತಿಟ್ಟ.

ಬ್ರ್ಯಾಡ್‌ಫರ್ಡ್‌ನವರಿಗೆ ಈ ಹಾಡು ಗೊತ್ತೇ ಇರಲಿಲ್ಲ. ಅವರಿಗೆ ಬೇರೆಯೇ ಚಿಂತೆ. ಅಲ್ಲಿನ ಕಾಂಗ್ರಿಗೇಶನಲ್ ಅನ್ನುವ ಕ್ರೈಸ್ತ ಪಂಗಡದವರು 1855ರಲ್ಲೇ ಸಭೆ ಕಟ್ಟಿಕೊಂಡಿದ್ದರು. ಆದರೆ ಪ್ರಾರ್ಥನೆಗೆ ಸ್ವಂತ ಸೂರಿಲ್ಲ. ಒಮ್ಮೆ ದಿಮ್ಮಿಯ ಮನೆಯಲ್ಲಿ, ಇನ್ನೊಮ್ಮೆ ಯಾರೋ ಬಿಟ್ಟುಹೋದ ಅಂಗಡಿಯಲ್ಲಿ ಸೇರುತ್ತಿದ್ದರು. ಜಾನ್ ನಟಿಂಗ್ ಅನ್ನುವ ಪಾದ್ರಿ ಬಂದ ಮೇಲೆ ಕಟ್ಟಡದ ಮಾತು ಗಟ್ಟಿಯಾಯಿತು. ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಮರ ಕೊಟ್ಟರು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿತ್ತು. ಊರಿನ ಗಂಡಸರು ಯುದ್ಧಕ್ಕೆ, ಕೈಯಲ್ಲಿ ಕಾಸಿಲ್ಲ. ಆದರೂ ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ಗೋಡೆಗೆ ಬಣ್ಣ ಹಚ್ಚುವ ಹೊತ್ತು ಬಂತು. ಸಿಕ್ಕ ಬಣ್ಣಗಳಲ್ಲೆಲ್ಲ ಅಗ್ಗದ್ದು ಓಹಾಯೋದ ಒಂದು ಖನಿಜದ ಬಣ್ಣ. ಅದು ಕಂದು. ಅದನ್ನೇ ತಂದು ಬಳಿದರು.

1863-64ರ ಚಳಿಗಾಲದಲ್ಲಿ ಪಿಟ್ಸ್ ಮತ್ತೆ ಬ್ರ್ಯಾಡ್‌ಫರ್ಡ್‌ಗೆ ಬಂದ. ಅಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು, ಹೆಂಡತಿಯ ಅಪ್ಪ ಅಮ್ಮನ ಹತ್ತಿರ ಇರೋಣ ಅಂತ ಫ್ರೆಡರಿಕ್ಸ್‌ಬರ್ಗ್‌ಗೇ ಬಂದು ನೆಲೆಸಿದ್ದ. ಬ್ರ್ಯಾಡ್‌ಫರ್ಡ್‌ನ ಅಕಾಡೆಮಿಯವರು ಹಾಡುಗಾರಿಕೆ ಕಲಿಸಲು ಕರೆದಿದ್ದರು. ಬಂದು ನೋಡುತ್ತಾನೆ, ತಾನು ಬರೀ ಮನಸ್ಸಿನಲ್ಲಿ ಕಂಡಿದ್ದ ಜಾಗದಲ್ಲೇ ಚರ್ಚೊಂದು ಏಳುತ್ತಿದೆ! ಎತ್ತಿಟ್ಟ ಹಾಡನ್ನು ಹುಡುಕಿ ತೆಗೆದು ತನ್ನ ವಿದ್ಯಾರ್ಥಿಗಳಿಗೆ ಕಲಿಸಿದ. 1864ರ ಡಿಸೆಂಬರ್ 29ಕ್ಕೆ ಚರ್ಚು ಉದ್ಘಾಟನೆಯಾಯಿತು. ಆ ವರ್ಷ ಆ ಮಕ್ಕಳು ಅದೇ ಗೋಡೆಗಳ ನಡುವೆ ನಿಂತು ಆ ಹಾಡು ಹಾಡಿದರು.

ಇಂಥ ಕಥೆ ಬೇರೆಲ್ಲೂ ನಾನು ಕೇಳಿಲ್ಲ. ದೇವಸ್ಥಾನದ ಮೇಲೆ, ಚರ್ಚಿನ ಮೇಲೆ ಹಾಡು ಕಟ್ಟುವುದು ಎಲ್ಲಾ ಕಡೆ ಇದೆ. ಇಲ್ಲಿ ಹಾಡು ಬಂದು ಏಳು ವರ್ಷ ಕಾದಿತು, ಕಟ್ಟಡ ಆಮೇಲೆ ಬಂತು. ಬಣ್ಣವೂ ಸೇರಿ ಹಾಡಿಗೆ ತಕ್ಕಂತೆಯೇ ಬಂತು.

ನಾವು ಹೋದಾಗ ಒಳಗೆ ಮದುವೆ ನಡೆಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಕಾದೆವು. ಬಂದಿದ್ದವರು ಹತ್ತು ಹನ್ನೆರಡು ಜನ ಇರಬಹುದು, ಅಷ್ಟೇ. ಮಿನೆಸೋಟಾದ ನಂಬರ್ ಪ್ಲೇಟಿನ ಎರಡು ಕಾರು. ಈ ಚರ್ಚಿನಲ್ಲಿ ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ಮದುವೆಗಳಾಗಿವೆ. ಈ ಸುತ್ತಿನ ಹಳ್ಳಿಗಳ ಜನರನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ದೂರದೂರದ ಊರುಗಳಿಂದ, ಬೇರೆ ರಾಜ್ಯಗಳಿಂದ ಬಂದು ಇಲ್ಲಿ ಮದುವೆಯಾಗುತ್ತಾರೆ. ಛತ್ರವಿಲ್ಲ, ಊಟದ ಪಂಕ್ತಿಯಿಲ್ಲ. ಒಂದು ಪ್ರಾರ್ಥನೆ, ಒಂದು ಮಾತು ಕೊಡುವುದು, ಉಂಗುರ. ಅತ್ತೆಗೆ ಇದು ಬಹಳ ಹಿಡಿಸಿತು. “ಸಾಲ ಮಾಡಿ ಮದುವೆ ಮಾಡುವವರು ಇದನ್ನ ನೋಡಬೇಕು ಕಣೇ,” ಅಂದರು.

ಮದುವೆ ಮುಗಿದ ಮೇಲೆ ಇಲ್ಲೊಂದು ಪದ್ಧತಿ ಇದೆ. ಗಂಡು ಹೆಣ್ಣು ಸೇರಿ ಗೋಪುರದ ಗಂಟೆಯ ಹಗ್ಗ ಎಳೆಯಬೇಕು. ಬಾಗಿಲು ತೆರೆದಿದ್ದರಿಂದ ನಮಗೆ ಚೆನ್ನಾಗಿ ಕಾಣಿಸಿತು. ಹುಡುಗ ದಪ್ಪ ಹಗ್ಗ ಹಿಡಿದ, ಹುಡುಗಿ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಮೊದಲ ಸಲ ಎಳೆದಾಗ ಸದ್ದೇ ಬರಲಿಲ್ಲ. ಭಾರದ ಗಂಟೆ, ಒಂದೇ ಎಳೆತಕ್ಕೆ ತೂಗುವುದಿಲ್ಲ. ಹಗ್ಗ ಮೇಲಕ್ಕೆ ಸರಿಯಿತು, ಇಬ್ಬರೂ ತುದಿಗಾಲಿನಲ್ಲಿ ನಿಂತು ಮತ್ತೆ ಎಳೆದರು. ಎರಡನೆಯ ಸಲಕ್ಕೆ ಢಣ್ ಅಂತ ಬಂತು. ಹುಡುಗಿ ಎಷ್ಟು ಜೋರಾಗಿ ನಕ್ಕಳೆಂದರೆ ಹೊರಗೆ ಕೂತ ನಾವೂ ಚಪ್ಪಾಳೆ ತಟ್ಟಿದೆವು. ಗುರುತಿಲ್ಲ, ಪರಿಚಯವಿಲ್ಲ. ಆದರೂ ಹೊರಗೆ ಬಂದು ಅತ್ತೆಯ ಮುಂದೆ ನಿಂತರು. ಅತ್ತೆ ಇಬ್ಬರ ತಲೆಯ ಮೇಲೂ ಕೈಯಿಟ್ಟು, “ನೂರು ಕಾಲ ಚೆನ್ನಾಗಿರಿ” ಅಂತ ಕನ್ನಡದಲ್ಲೇ ಹರಸಿದರು. ಅವರಿಗೆ ಅರ್ಥವಾಯಿತು ಅಂತಲೇ ನನ್ನ ನಂಬಿಕೆ.

ಆ ಗಂಟೆಗೂ ಒಂದು ಕಥೆ ಇದೆ. ನ್ಯೂಯಾರ್ಕ್ ರಾಜ್ಯದ ಮೆನೀಲಿ ಕಾರ್ಖಾನೆಯಲ್ಲಿ ಎರಕ ಹೊಯ್ದಿದ್ದು. ಅಯೋವಾದ ಡಬ್ಯೂಕ್ ಊರಿನಿಂದ ಗಾಡಿಯಲ್ಲಿ ತರುವಾಗ ದಾರಿಯುದ್ದಕ್ಕೂ ಅದನ್ನು ಬಾರಿಸುತ್ತಲೇ ತಂದರಂತೆ. ಗಂಟೆಯ ದನಿಯೇ ಇಲ್ಲದ ನಾಡು ಆಗ ಇದು. ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ಕೇಳಿರಬೇಕು.

ಜನ ಹೋದ ಮೇಲೆ ಒಳಗೆ ಹೋದೆವು. ಮರದ ಉದ್ದ ಬೆಂಚುಗಳು, ನಡುವೆ ಕಿರಿದಾದ ದಾರಿ, ಎದುರಿಗೆ ಸಣ್ಣ ವೇದಿಕೆ. ಆಡಂಬರ ಅನ್ನುವುದು ಒಂದಿಷ್ಟೂ ಇಲ್ಲ. ಚರ್ಚು ನೋಡಿಕೊಳ್ಳುವ ಹಿರಿಯರೊಬ್ಬರು ಇದ್ದರು. ಹಾಡು ಕೇಳಬೇಕಿತ್ತು ಅಂದೆ. ಅವರು ಕೂಡಲೇ ಶುರು ಮಾಡಿದರು. ಪಲ್ಲವಿ ಬಂದಾಗ ನಮ್ಮನ್ನೂ ಎಳೆದುಕೊಂಡರು. ಈ ಹಾಡಿನ ಗುಟ್ಟು ಇರುವುದು ಪಲ್ಲವಿಯಲ್ಲೇ. ಮೇಲಿನ ದನಿಗಳು ರಾಗವನ್ನು ನಿಧಾನವಾಗಿ ಎಳೆದು ಹಾಡುತ್ತಿರುತ್ತವೆ. ಕೆಳಗಿನ ಗಂಡು ದನಿ ಮಾತ್ರ ‘ಕಮ್, ಕಮ್, ಕಮ್, ಕಮ್’ ಅಂತ ಒಂದೇ ಲಯದಲ್ಲಿ ಕರೆಯುತ್ತಲೇ ಇರುತ್ತದೆ. ಕೇಳಿದರೆ ಗಂಟೆ ಬಡಿದ ಹಾಗೆಯೇ. ನಮ್ಮ ಮನೆಯವರ ದನಿ ಸ್ವಲ್ಪ ಗಡಸು, ಅವರಿಗೆ ಕೆಳಗಿನ ಪಾಲು ಬಂತು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಎರಡನೆಯ ಸುತ್ತಿಗೇ ತಾಳ ಹಿಡಿದು, ಮೂರನೆಯದಕ್ಕೆ ರಾಗವನ್ನೂ ಹಿಡಿದರು. ಭಜನೆ ಹೇಳಿ ಅಭ್ಯಾಸ ಇರುವವರಿಗೆ ಇದು ಕಷ್ಟವಲ್ಲ. ಒಬ್ಬರು ಹೇಳಬೇಕು, ಉಳಿದವರು ಕೂಡಬೇಕು, ಅಷ್ಟೇ ಅಲ್ವಾ.

ಹಾಡಿನ ಮುಂದಿನ ಭಾಗದಲ್ಲಿ ಭಾನುವಾರದ ಗಂಟೆಯ ದನಿ ಬರುತ್ತದೆ, ಆಮೇಲೆ ಚರ್ಚಿನ ಹತ್ತಿರ ಮಣ್ಣಾದ ಪ್ರೀತಿಯ ಜೀವವೊಂದರ ನೆನಪು. ಬರೀ ಸಂತೋಷದ ಹಾಡಲ್ಲ. ಅದಕ್ಕೇ ಇಷ್ಟು ದಿನ ಉಳಿಯಿತು ಅನ್ನಿಸುತ್ತದೆ.

ಉಳಿದದ್ದೂ ಸುಲಭವಾಗಿ ಅಲ್ಲ. ಪಿಟ್ಸ್ 1865ರಲ್ಲಿ ಈ ಹಾಡನ್ನು ಶಿಕಾಗೋದ ಪ್ರಕಾಶಕರೊಬ್ಬರಿಗೆ 25 ಡಾಲರಿಗೆ ಮಾರಿದ. ಆ ದುಡ್ಡು ಅಲ್ಲಿನ ರಷ್ ಮೆಡಿಕಲ್ ಕಾಲೇಜು ಸೇರಲು ಆಯಿತು. 1868ರಲ್ಲಿ ಡಾಕ್ಟರ್ ಆಗಿ ಹೊರಬಂದು, ಫ್ರೆಡರಿಕ್ಸ್‌ಬರ್ಗ್‌ನಲ್ಲೇ ಹತ್ತಿರ ಹತ್ತಿರ ನಲವತ್ತು ವರ್ಷ ರೋಗಿಗಳನ್ನು ನೋಡಿದ. ಇತ್ತ ಬ್ರ್ಯಾಡ್‌ಫರ್ಡ್‌ನ ನಸೀಬು ಕೆಟ್ಟಿತು. ರೈಲು ಈ ಊರನ್ನು ಬಿಟ್ಟು ಎರಡು ಮೈಲಿ ಆಚೆಯ ನ್ಯಾಶುವಾ ಮೂಲಕ ಹೋಯಿತು. ವ್ಯಾಪಾರ ಅಲ್ಲಿಗೆ ಹೋಯಿತು, ಜನವೂ ಹಿಂದೆಯೇ ಹೋದರು. ಒಂದು ಕಾಲಕ್ಕೆ ಜಿಲ್ಲೆಯಂಥ ಕೌಂಟಿಗೇ ಮುಖ್ಯ ಊರಾಗಿದ್ದದ್ದು ಖಾಲಿಯಾಗುತ್ತಾ ಬಂತು. 1888ರಲ್ಲಿ ಚರ್ಚಿನ ಬಾಗಿಲೂ ಮುಚ್ಚಿತು.

ಅದು ಹಾಗೇ ಕುಸಿದು ಬಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಈ ಬಯಲಿನಲ್ಲಿ ಹೀಗೆ ಕಾಣೆಯಾದ ಊರುಗಳಿಗೆ ಲೆಕ್ಕವಿಲ್ಲ. ಇದನ್ನು ಉಳಿಸಬೇಕು ಅಂತ ಕೆಲವರು 1900ರ ಆಸುಪಾಸಿನಲ್ಲಿ ಸಂಘ ಕಟ್ಟಿದರು. 1914ರ ಹೊತ್ತಿಗೆ ಮತ್ತೆ ಪ್ರಾರ್ಥನೆ ಶುರುವಾಯಿತು. ಅದೇ ಕಾಲದಲ್ಲಿ ಹತ್ತಿರದ ಚಾರ್ಲ್ಸ್ ಸಿಟಿಯ ವೆದರ್‌ವ್ಯಾಕ್ಸ್ ಅನ್ನುವ ಅಣ್ಣತಮ್ಮಂದಿರ ನಾಲ್ವರ ತಂಡ ಊರೂರು ತಿರುಗಿ ಹಾಡುತ್ತಿತ್ತು. 1910ರಿಂದ 1921ರವರೆಗೆ ಅಮೆರಿಕ, ಕೆನಡಾ ಎಲ್ಲಾ ಕಡೆ ಹೋದರು. ಹೋದಲ್ಲೆಲ್ಲ ಈ ಹಾಡು, ಹಾಡಿನ ಜೊತೆ ಈ ಚರ್ಚಿನ ಕಥೆ. ಕೇಳಿದ ಜನ ಕಾರು ಕೊಂಡ ಮೇಲೆ ಹುಡುಕಿಕೊಂಡು ಬರತೊಡಗಿದರು. ಬಂದವರಲ್ಲಿ ಕೆಲವರು ಇಲ್ಲೇ ಮದುವೆಯಾಗುತ್ತೇವೆ ಅಂದರು. ಪಿಟ್ಸ್ ತೀರಿಕೊಂಡಿದ್ದು 1918ರಲ್ಲಿ. ತಾನು ಎಂದೋ ಮಾರಿದ ಹಾಡು ಊರೂರು ಸುತ್ತುವುದನ್ನು ನೋಡುವಷ್ಟು ಕಾಲ ಅವನು ಬದುಕಿದ್ದ ಅನ್ನುವುದು ನನಗೆ ಸಮಾಧಾನ ಕೊಡುವ ಸಂಗತಿ.

ಚರ್ಚಿಗೆ ಬರುವವರು ಕಟ್ಟಡ ನೋಡಿ, ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ ಅಂತ ಆ ಹಿರಿಯರು ಹೇಳಿದರು. ಹಾಗೆ ಮಾಡಬೇಡಿ. ಒಳಗೆ ಕೂರಿ, ಆ ಹಾಡನ್ನು ಒಮ್ಮೆಯಾದರೂ ಬಾಯಿ ಬಿಟ್ಟು ಹಾಡಿ. ರೈಲಿಗೆ ಬೇಡವಾದ ಊರಿನ ಒಂದು ಕಟ್ಟಡವನ್ನು ಕಾಪಾಡಿದ್ದು ಅದೇ.

ಇಲ್ಲಿ ಈಗಲೂ ಭಾನುವಾರದ ಪ್ರಾರ್ಥನೆ ನಡೆಯುತ್ತದೆ. ಪ್ರತಿ ಆಗಸ್ಟ್ ತಿಂಗಳ ಮೊದಲ ಭಾನುವಾರ, ಇಲ್ಲಿ ಮದುವೆಯಾದ ಜೋಡಿಗಳು ಮತ್ತೆ ಬಂದು ಸೇರುತ್ತಾರೆ. ಜನ, ಗದ್ದಲ ಇಷ್ಟಪಡುವವರಿಗೆ ಆ ದಿನ ಸರಿ. ನಮ್ಮ ಹಾಗೆ ನಿಧಾನವಾಗಿ ನೋಡುವವರಿಗೆ ಸೆಪ್ಟೆಂಬರ್ ಒಳ್ಳೆಯದು. ಪಕ್ಕದಲ್ಲೇ ಹಳೆಯ ಬ್ರ್ಯಾಡ್‌ಫರ್ಡ್‌ನ ನೆನಪಿಗೆ ಮಾಡಿದ ವಸ್ತುಸಂಗ್ರಹಾಲಯ ಇದೆ, ದಿಮ್ಮಿಯ ಮನೆಗಳನ್ನು ಅಲ್ಲಿ ನೋಡಬಹುದು.

ಸಮಯ ಇದ್ದರೆ ಒಂದು ಗಂಟೆ ದೂರದ ಸ್ಪಿಲ್‌ವಿಲ್‌ಗೂ ಹೋಗಿ. ಜೆಕ್ ಸಂಗೀತಗಾರ ಡ್ವೊರ್ಜಾಕ್ 1893ರ ಬೇಸಿಗೆ ಕಳೆದದ್ದು ಆ ಹಳ್ಳಿಯಲ್ಲಿ. ಅಲ್ಲಿನ ಸೇಂಟ್ ವೆನ್ಸೆಸ್ಲಾಸ್ ಚರ್ಚಿನಲ್ಲಿ ಅವರು ನುಡಿಸಿದ ಆರ್ಗನ್ ಇನ್ನೂ ಇದೆ. ನಾವು ನ್ಯಾಶುವಾದಲ್ಲಿ ಊಟ ಮುಗಿಸಿ ಹೊರಟವರು ಸಂಜೆಯ ಬೆಳಕು ಇರುವಾಗಲೇ ತಲುಪಿದೆವು.