‘ಗರ್ಲ್ ಜೀನಿಯಸ್’ ಕಥನ ರೂಢಿಗಳ ದಾಖಲೆ: ಮೊದಲ 13 ಸಂಪುಟಗಳು ಮುಗಿದ ಮೇಲೆ

ಫಿಲ್ ಮತ್ತು ಕಾಯಾ ಫೋಲಿಯೊ ದಂಪತಿ ರಚಿಸುತ್ತಿರುವ ‘ಗರ್ಲ್ ಜೀನಿಯಸ್’ ವೆಬ್‌ಕಾಮಿಕ್‌ನ ಕಥನ ರೂಢಿಗಳನ್ನು, ಅಂದರೆ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸಿದ್ಧ ಮಾದರಿಗಳನ್ನು, ಪುಟಪುಟವಾಗಿ ಗುರುತಿಸಿ ದಾಖಲಿಸುವ ನನ್ನ ಕೆಲಸ ಮೊದಲ ಘಟ್ಟವನ್ನು ದಾಟಿದೆ. ಕಥೆಯ ‘ಮೊದಲ ಪಯಣ’ವಾದ 13 ಸಂಪುಟಗಳನ್ನು ಓದಿ ಮುಗಿಸಿ, ಪ್ರತಿ ದೃಶ್ಯಕ್ಕೂ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ತೆರೆದು, ಮೂರು ಅಂಕಣಗಳನ್ನು ತುಂಬಿದ್ದೇನೆ: ಹುಚ್ಚು ವಿಜ್ಞಾನಿಗಳ ಹಳೆಯ ಕಥೆಗಳಿಂದ ಬಂದ ಯಾವ ರೂಢಿ ಇಲ್ಲಿ ಬಳಕೆಯಾಗಿದೆ, ಆ ರೂಢಿಯ ಅರಿವು ಕಥೆಯೊಳಗಿನ ಯಾರಿಗಿದೆ, ಅದರಿಂದ ಯಾರ ಬದುಕು ಬದಲಾಗುತ್ತದೆ. ಕಥೆಯ ಮುಖ್ಯ ತಿರುವುಗಳೆಲ್ಲ ಈ ಬರಹದಲ್ಲಿ ಬಯಲಾಗುತ್ತವೆ. ಇನ್ನೂ ಓದದವರು ಇದನ್ನು ಗಮನದಲ್ಲಿಟ್ಟುಕೊಂಡು ಮುಂದುವರಿಯಬೇಕು.

ಈ ಕಥೆ 2001ರಲ್ಲಿ ಮುದ್ರಿತ ಕಾಮಿಕ್ ಆಗಿ ಶುರುವಾಯಿತು. 2005ರ ಏಪ್ರಿಲ್ 18ರಿಂದ ಅದು ವೆಬ್‌ಗೆ ಬಂದು, ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಪುಟದಂತೆ ಪ್ರಕಟವಾಗತೊಡಗಿತು. ಇದನ್ನು ಸ್ಟೀಮ್‌ಪಂಕ್, ಅಂದರೆ ಉಗಿಯಂತ್ರಗಳ ಕಾಲದ ಕಲ್ಪಿತ ತಂತ್ರಜ್ಞಾನದ ಕಥೆ, ಎಂದು ಕರೆಯುವುದು ಸರಿಹೊಂದದೆಂದು ಕಾಯಾ ಫೋಲಿಯೊ ‘ಗ್ಯಾಸ್‌ಲ್ಯಾಂಪ್ ಫ್ಯಾಂಟಸಿ’ ಎಂಬ ಹೆಸರನ್ನು ಬಳಕೆಗೆ ತಂದರು. ಉಗಿಯಂತ್ರಗಳ ತಾಂತ್ರಿಕ ವಿವರಕ್ಕಿಂತ ಕೋಟೆ, ರಾಕ್ಷಸರು, ಶಾಪಗ್ರಸ್ತ ಮನೆತನ, ಪ್ರೇಮ ಇವುಗಳೇ ಇಲ್ಲಿ ಹೆಚ್ಚು ಜಾಗ ಪಡೆದಿವೆ ಎಂಬುದು ನನ್ನ ಮೊದಲ ಅಂಕಣವನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ.

ಕೆಲಸ ಮುಂದುವರಿದಂತೆ ಅತ್ಯಂತ ಬೆಲೆಬಾಳುವುದೆಂದು ತೋರಿದ್ದು ಎರಡನೆಯ ಅಂಕಣ. ಹುಚ್ಚು ವಿಜ್ಞಾನಿಯ ಕಥೆಗಳಲ್ಲಿ ಸಾಮಾನ್ಯವಾಗಿ ರೂಢಿ ಓದುಗನಿಗೆ ಗೊತ್ತಿರುತ್ತದೆ, ಪಾತ್ರಕ್ಕೆ ಗೊತ್ತಿರುವುದಿಲ್ಲ. ವಿಜ್ಞಾನಿ ತನ್ನ ಸೃಷ್ಟಿಯ ಕೈಯಲ್ಲೇ ಸಾಯುತ್ತಾನೆಂದು ನಮಗೆ ಮೊದಲೇ ತಿಳಿದಿರುತ್ತದೆ, ಅವನಿಗೆ ಮಾತ್ರ ತಿಳಿದಿರುವುದಿಲ್ಲ. ‘ಗರ್ಲ್ ಜೀನಿಯಸ್’ನ ಯೂರೋಪಿನಲ್ಲಿ ಅದು ಎಲ್ಲರಿಗೂ ಗೊತ್ತು. ‘ಸ್ಪಾರ್ಕ್’ ಎಂಬ ಹುಟ್ಟುಗುಣ ಉಳ್ಳವರು ಅಸಾಧ್ಯವಾದ ಯಂತ್ರಗಳನ್ನೂ ಜೀವಿಗಳನ್ನೂ ಕಟ್ಟಬಲ್ಲರು, ಕಟ್ಟುವಾಗ ಉನ್ಮಾದಕ್ಕೆ ಒಳಗಾಗುತ್ತಾರೆ, ಬಹುತೇಕರು ತಾವು ಕಟ್ಟಿದ್ದರಿಂದಲೋ ರೊಚ್ಚಿಗೆದ್ದ ಜನರಿಂದಲೋ ಬೇಗನೆ ಸಾಯುತ್ತಾರೆ. ಇದು ಅಲ್ಲಿನ ರೈತನಿಗೂ ಸೈನಿಕನಿಗೂ ಅರಸನಿಗೂ ಮಳೆಬೆಳೆಯಷ್ಟೇ ಪರಿಚಿತವಾದ ಸಂಗತಿ. ಹೀಗಾಗಿ ರೂಢಿಯೇ ಅಲ್ಲಿ ಸಮಾಜದ ನಿಯಮ. ಬ್ಯಾರನ್ ಕ್ಲಾಸ್ ವುಲ್ಫೆನ್‌ಬಾಕ್‌ನ ಸಾಮ್ರಾಜ್ಯ ನಿಂತಿರುವುದೂ ಆ ನಿಯಮದ ಮೇಲೆಯೇ: ಸ್ಪಾರ್ಕ್‌ಗಳನ್ನು ಅಂಕೆಯಲ್ಲಿಡದಿದ್ದರೆ ಯೂರೋಪ್ ಮತ್ತೆ ಹಾಳಾಗುತ್ತದೆಂದು ಅವನು ಪೂರ್ಣ ಮನಸ್ಸಿನಿಂದ ನಂಬುತ್ತಾನೆ. ದೈತ್ಯ ವಾಯುನೌಕೆಯಲ್ಲಿ ಕುಳಿತು ಆಳುವ ಈ ಸರ್ವಾಧಿಕಾರಿ ಹೊರನೋಟಕ್ಕೆ ಖಳನಾಯಕನೇ ಸರಿ, ಆದರೆ ಅವನ ತರ್ಕವನ್ನು ನಾನು ಎಷ್ಟು ಸಲ ಪರಿಶೀಲಿಸಿದರೂ ತಳ್ಳಿಹಾಕಲು ಆಗಲಿಲ್ಲ. ಖಳನ ಸ್ಥಾನದಲ್ಲಿ ಅಷ್ಟು ಗಟ್ಟಿಯಾದ ನ್ಯಾಯವನ್ನು ಇಟ್ಟಿರುವುದೇ ಈ ಕೃತಿಯ ದೊಡ್ಡ ಬಲವೆಂದು ನನಗೆ ಅನ್ನಿಸುತ್ತದೆ.

ವಿವರಣೆಯ ವಿಷಯದಲ್ಲೂ ಇದೇ ಆಗುತ್ತದೆ. ತನ್ನ ಯೋಜನೆಯನ್ನೆಲ್ಲ ಗಟ್ಟಿದನಿಯಲ್ಲಿ ಬಿಚ್ಚಿಡುವ ಖಳನ ಭಾಷಣ ಎಷ್ಟೋ ಕಥೆಗಳಲ್ಲಿ ಲೇಖಕನ ಅನುಕೂಲಕ್ಕಾಗಿ ಬರುತ್ತದೆ. ಇಲ್ಲಿ ಅದು ರೋಗಲಕ್ಷಣ. ಉನ್ಮಾದ ಏರಿದ ಸ್ಪಾರ್ಕ್‌ಗೆ ಬಾಯಿ ಮುಚ್ಚಿಕೊಂಡಿರಲು ಸಾಧ್ಯವೇ ಇಲ್ಲ, ಸುತ್ತಲಿದ್ದವರು ಅದನ್ನು ಗುರುತಿಸಿ ಹೆದರುತ್ತಾರೆ ಅಥವಾ ಅದರಿಂದ ಲಾಭ ಪಡೆಯುತ್ತಾರೆ. ಆ ಹೊತ್ತಿನಲ್ಲಿ ಮಾತಿನ ಗುಳ್ಳೆಯೊಳಗಿನ ಅಕ್ಷರಗಳೂ ದಪ್ಪವಾಗಿ, ದೊಡ್ಡದಾಗಿ ಬದಲಾಗುತ್ತವೆ. ನಾನು ಕೆಲವು ಪುಟಗಳನ್ನು ಚಿತ್ರಗಳಿಲ್ಲದೆ, ಬರೀ ಚೌಕಟ್ಟು ಮತ್ತು ಗುಳ್ಳೆಗಳನ್ನಷ್ಟೇ ಪೆನ್ಸಿಲಿನಲ್ಲಿ ನಕಲು ಮಾಡಿ, ದಪ್ಪಕ್ಷರದ ಗುಳ್ಳೆಗಳಿಗೆ ಕೆಂಪು ಬಣ್ಣ ಹಚ್ಚಿ ನೋಡಿದೆ. ಮುಖಗಳೇ ಇಲ್ಲದ ಆ ನಕ್ಷೆಯಲ್ಲೂ ಉನ್ಮಾದ ಯಾವ ಚೌಕಟ್ಟಿನಲ್ಲಿ ಏರಿತು, ಯಾರ ಮಾತಿನಿಂದ ಇಳಿಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯ ಅಂಕಣದಲ್ಲಿ ಅತಿ ಹೆಚ್ಚು ಸಲ ಬಂದಿರುವ ವಸ್ತು ನಾಯಕಿ ಅಗಾಥಾಳ ಲಾಕೆಟ್. ಮೊದಲ ಸಂಪುಟದಲ್ಲಿ ಅವಳು ಬೀಟಲ್‌ಬರ್ಗ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಹುಡುಗಿ; ಅವಳು ಕಟ್ಟಿದ ಯಾವ ಯಂತ್ರವೂ ನಡೆಯುವುದಿಲ್ಲ, ಆಳವಾಗಿ ಯೋಚಿಸಿದರೆ ತಲೆನೋವು ಬರುತ್ತದೆ. ಬೀದಿಯಲ್ಲಿ ಇಬ್ಬರು ಸೈನಿಕರು ಲಾಕೆಟನ್ನು ಕಿತ್ತುಕೊಂಡು ಹೋಗುತ್ತಾರೆ. ಅಂದಿನ ನಿದ್ದೆಯಲ್ಲೇ ಅವಳ ಕೈಗಳು ಗುಜರಿ ಸಾಮಾನಿನಿಂದ ಒಂದು ಭಾರೀ ಕ್ಲ್ಯಾಂಕನ್ನು, ಅಂದರೆ ನಡೆದಾಡುವ ಯಂತ್ರವನ್ನು ಕಟ್ಟಿ ನಿಲ್ಲಿಸುತ್ತವೆ, ಅದು ಕಳ್ಳನನ್ನು ಹುಡುಕಿಕೊಂಡು ಊರಿಗೇ ನುಗ್ಗುತ್ತದೆ. ಅವಳ ಪ್ರತಿಭೆಯನ್ನು ಅದುಮಿಟ್ಟಿದ್ದದ್ದೇ ಆ ಲಾಕೆಟ್ ಎಂಬುದು ಓದುಗನಿಗೆ ಹಾಗೆ ತಿಳಿಯುತ್ತದೆ. ‘ಬಡ ಅನಾಥೆ ನಿಜಕ್ಕೂ ದೊಡ್ಡ ಮನೆತನದ ವಾರಸುದಾರಳು’ ಎಂಬ ರೂಢಿಗೆ ಇಷ್ಟು ಸಾಕಾಗಿತ್ತು. ಆದರೆ ಮುಂದೆ ಅವಳ ತಾಯಿ ಲುಕ್ರೀಜಿಯಾಳ ಮನಸ್ಸು ಅಗಾಥಾಳ ತಲೆಯೊಳಗೆ ಸೇರಿಕೊಂಡು ದೇಹವನ್ನೇ ವಶಪಡಿಸಿಕೊಳ್ಳಲು ನೋಡಿದಾಗ, ಆ ತಾಯಿಯನ್ನು ಕಟ್ಟಿಹಾಕಲು ಅದೇ ಲಾಕೆಟ್ ಮತ್ತೆ ಕೊರಳಿಗೆ ಬರುತ್ತದೆ. ಬಂಧನವಾಗಿದ್ದ ವಸ್ತು ರಕ್ಷೆಯಾಗಿ, ಅದನ್ನು ಕಳಚುವುದೇ ಅಪಾಯವಾಗುತ್ತದೆ. ಹಲವು ಸಂಪುಟಗಳ ಅಂತರದಲ್ಲಿ ಒಂದು ಸಣ್ಣ ಒಡವೆಯ ಅರ್ಥವನ್ನು ಹೀಗೆ ಪೂರ್ತಿ ತಿರುಗಿಸಿರುವುದನ್ನು ಸಾಲುಸಾಲಾಗಿ ದಾಖಲಿಸುವಾಗ ನನಗೆ ಆದ ಸಂತೋಷ ದೊಡ್ಡದು.

ಈ ತಿರುವಿನ ಹಿಂದೆ ಇನ್ನೊಂದು ಜೋಡಣೆ ಇದೆ, ಅದಕ್ಕಾಗಿ ನಾನು ನಾಟಕದ ಭಾಗವನ್ನು ಪ್ರತ್ಯೇಕವಾಗಿ ಮತ್ತೊಮ್ಮೆ ಓದಿದೆ. ಬ್ಯಾರನ್‌ನಿಂದ ತಪ್ಪಿಸಿಕೊಂಡ ಅಗಾಥಾ ಒಂದು ಸಂಚಾರಿ ನಾಟಕ ಕಂಪನಿಯನ್ನು ಸೇರುತ್ತಾಳೆ. ಹೆಟೆರೊಡೈನ್ ಸಹೋದರರಾದ ಬಿಲ್ ಮತ್ತು ಬ್ಯಾರಿಯ ಸಾಹಸಗಳನ್ನು ಊರೂರಲ್ಲಿ ಆಡುವುದು ಆ ಕಂಪನಿಯ ಕಸುಬು. ಬಿಲ್ ಅವಳ ತಂದೆ. ಆ ನಾಟಕಗಳಲ್ಲಿ ಒಳ್ಳೆಯವರು ಅಪ್ಪಟ ಒಳ್ಳೆಯವರು, ಯೂರೋಪನ್ನು ಆಳುವ ಕ್ಲಾಸ್ ಅಲ್ಲಿ ನಗೆಪಾತ್ರ, ಲುಕ್ರೀಜಿಯಾ ಪ್ರೇಮದಿಂದ ಸುಧಾರಿಸಿದ ಖಳನಾಯಕಿ. ಅಗಾಥಾ ರಂಗದ ಮೇಲೆ ತನ್ನ ತಾಯಿಯ ಪಾತ್ರವನ್ನೇ ಆಡುತ್ತಾಳೆ. ಸ್ಟರ್ಮ್‌ಹಾಲ್ಟನ್ ಅರಮನೆಯ ರಾಜನಿಗೆ ಆ ದನಿ ಯಾರದೆಂದು ಗುರುತು ಸಿಗುತ್ತದೆ, ನಂತರ ಅದೇ ಅರಮನೆಯಲ್ಲಿ ನಿಜವಾದ ಲುಕ್ರೀಜಿಯಾ ಅವಳ ಮೈಯೊಳಗೆ ಇಳಿಯುತ್ತಾಳೆ. ಪ್ರೇಕ್ಷಕರೆದುರು ಒಪ್ಪಿಕೊಂಡ ವೇಷ ಒಪ್ಪಿಗೆಯಿಲ್ಲದೆ ನಿಜವಾಗುವ ಈ ಕ್ರಮವೇ 13 ಸಂಪುಟಗಳಲ್ಲಿ ಅತ್ಯಂತ ಬಿಗಿಯಾಗಿ ಕಟ್ಟಿದ ಭಾಗವೆಂದು ನನ್ನ ತೀರ್ಮಾನ.

ಹುಚ್ಚು ವಿಜ್ಞಾನಿಯ ಕಥೆಯೊಳಗೆ ನಾಟಕ ಕಂಪನಿಗೆ ಇಷ್ಟು ದೊಡ್ಡ ಸ್ಥಾನ ಸಿಕ್ಕಿರುವುದಕ್ಕೆ ಇತಿಹಾಸದ ಬೆಂಬಲವೂ ಇದೆ. ಮೇರಿ ಶೆಲ್ಲಿಯ 1818ರ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ನಲ್ಲಿ ವಿಜ್ಞಾನಿಗೆ ಪ್ರಯೋಗಶಾಲೆಯಲ್ಲಿ ಸಹಾಯಕನೇ ಇಲ್ಲ, ಜೀವ ಬರಿಸಿದ ವಿಧಾನವನ್ನೂ ಅವನು ಹೇಳುವುದಿಲ್ಲ. ಫ್ರಿಟ್ಜ್ ಎಂಬ ಸೇವಕ ಬಂದದ್ದು 1823ರಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಲಂಡನ್ನಿನ ರಂಗಭೂಮಿಗಾಗಿ ಬರೆದ ರೂಪಾಂತರದಲ್ಲಿ. 1931ರ ಹಾಲಿವುಡ್ ಚಿತ್ರ ಅದೇ ಹೆಸರಿನ ಸಹಾಯಕನನ್ನು ಉಳಿಸಿಕೊಂಡು, ಗೋಪುರದ ಪ್ರಯೋಗಶಾಲೆ ಮತ್ತು ಸಿಡಿಲನ್ನು ಜನರ ಕಣ್ಣಿನಲ್ಲಿ ನೆಲೆಗೊಳಿಸಿತು. ಅಂದರೆ ನಾವು ಈ ಪ್ರಕಾರದ ಮೂಲವೆಂದು ತಿಳಿದಿರುವ ಎಷ್ಟೋ ಸಂಗತಿಗಳು ರಂಗಕ್ಕೂ ಪರದೆಗೂ ಬೇಕಾಗಿ ಹುಟ್ಟಿದವು. ಈ ಕಾಮಿಕ್‌ನ ಜನರೂ ತಮ್ಮ ವೀರರನ್ನು ಅರಿತಿರುವುದು ನಾಟಕಗಳಿಂದಲೇ. ಜೋಲಾ ಎಂಬ ನಕಲಿ ವಾರಸುದಾರಳು ಗುಲಾಬಿ ಬಣ್ಣದ ವಾಯುನೌಕೆಯಲ್ಲಿ ಹೆಟೆರೊಡೈನ್ ಮನೆತನದ ಊರಾದ ಮೆಕ್ಯಾನಿಕ್ಸ್‌ಬರ್ಗ್‌ಗೆ ಬಂದಿಳಿಯುವುದು ಆ ನಂಬಿಕೆಯನ್ನು ಲೆಕ್ಕಹಾಕಿಯೇ: ನಾಯಕಿ ಹೇಗೆ ಪ್ರವೇಶಿಸಬೇಕೆಂದು ಜನ ನಿರೀಕ್ಷಿಸುತ್ತಾರೋ ಹಾಗೆಯೇ ಅವಳು ಪ್ರವೇಶಿಸುತ್ತಾಳೆ.

ಬಂಟರ ಬಗ್ಗೆ ಪ್ರತ್ಯೇಕ ಹಾಳೆಯನ್ನೇ ಮಾಡಬೇಕಾಯಿತು. ಮೆಕ್ಯಾನಿಕ್ಸ್‌ಬರ್ಗ್‌ನಲ್ಲಿ ಹುಚ್ಚು ಯಜಮಾನನ ಸೇವೆ ತಲೆಮಾರುಗಳಿಂದ ಬಂದ ವೃತ್ತಿ, ಅದಕ್ಕೆ ಅದರದೇ ಹೆಮ್ಮೆ ಮತ್ತು ಕೌಶಲವಿದೆ. ಮೊಲಾಕ್ ಫಾನ್ ಜಿಂಜರ್‌ನ ಸಾಲುಗಳು ಇಲ್ಲಿ ಮುಖ್ಯ. ಲಾಕೆಟ್ ಕಿತ್ತುಕೊಂಡ ಆ ಸೈನಿಕರಲ್ಲಿ ಒಬ್ಬನಾದ ಅವನನ್ನು ಬ್ಯಾರನ್‌ನ ಕಡೆಯವರು ಕ್ಲ್ಯಾಂಕ್ ಕಟ್ಟಿದ ಸ್ಪಾರ್ಕ್ ಎಂದೇ ಮೊದಲು ಭಾವಿಸುತ್ತಾರೆ. ಮುಂದೆ ಅವನು ಆ ಊರಿನ ಹೆಟೆರೊಡೈನ್ ಕೋಟೆಯಲ್ಲಿ ಕೈದಿಯಾಗಿ ದುಡಿಯುತ್ತಾ, ಇಷ್ಟವಿಲ್ಲದಿದ್ದರೂ, ಅತ್ಯುತ್ತಮ ಬಂಟನಾಗಿ ಬೆಳೆಯುತ್ತಾನೆ. ಹಿನ್ನೆಲೆಯಲ್ಲಿ ಸತ್ತುಹೋಗಬೇಕಾಗಿದ್ದ ಇಂಥ ಪಾತ್ರಕ್ಕೆ ಕೆಲಸದ ಘನತೆಯನ್ನು ಕೊಟ್ಟಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಗತಿಯ ವಿಷಯ ಇನ್ನೂ ಪೂರ್ತಿಯಾಗಿಲ್ಲ. ಮುದ್ರಣಕ್ಕೆಂದು ರಚಿಸಿದ ಆರಂಭದ ಪುಟಗಳಲ್ಲಿ ದೃಶ್ಯ ಒಂದು ಪುಟದಿಂದ ಇನ್ನೊಂದಕ್ಕೆ ಸರಾಗವಾಗಿ ಹರಿಯುತ್ತದೆ. ವಾರಕ್ಕೆ ಮೂರು ಪುಟಗಳ ಲೆಕ್ಕಕ್ಕೆ ಬಂದ ಮೇಲೆ ಕೊನೆಯ ಚೌಕಟ್ಟಿನಲ್ಲಿ ಒಂದು ತಿರುವೋ ನಗೆಯೋ ಕಡ್ಡಾಯವೆಂಬಂತೆ ಕೂರುತ್ತದೆ. 2009, 2010, 2011ರಲ್ಲಿ ಸತತವಾಗಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ 8, 9 ಮತ್ತು 10ನೆಯ ಸಂಪುಟಗಳ ಬಹುಭಾಗ ನಡೆಯುವ ಹೆಟೆರೊಡೈನ್ ಕೋಟೆಯಲ್ಲಿ ಇದು ಎದ್ದು ಕಾಣುತ್ತದೆ. ಆ ಕೋಟೆಗೆ ಬುದ್ಧಿಯಿದೆ, ಮಾತಿದೆ, ಕ್ರೂರ ಹಾಸ್ಯವಿದೆ. ಅದರ ಬಲೆಗಳು ಪುಟದ ಕೊನೆಗೆ ಸರಿಯಾಗಿ ಬಾಯಿ ತೆರೆಯುತ್ತವೆ. ಒಟ್ಟಿಗೆ ಓದುವಾಗ ಈ ಏರಿಳಿತ ಸ್ವಲ್ಪ ದಣಿಸುತ್ತದೆ ಎಂಬ ಆಕ್ಷೇಪ ನನ್ನದೂ ಹೌದು. ಆದರೆ ದಿನಕ್ಕೆ ಒಂದೇ ಪುಟದಂತೆ ಓದಿದಾಗ ಅದೇ ಭಾಗ ಸಮವಾಗಿ ಸಾಗಿತು, ಪಾತ್ರಗಳ ನಡುವಿನ ಸಣ್ಣ ನೋಟಗಳೂ ಗಮನಕ್ಕೆ ಬಂದವು.

ಮುಂದಿನ ಘಟ್ಟ ‘ಎರಡನೆಯ ಪಯಣ’. 13ನೆಯ ಸಂಪುಟದ ಕೊನೆಯಲ್ಲಿ ಬ್ಯಾರನ್ ಇಡೀ ಮೆಕ್ಯಾನಿಕ್ಸ್‌ಬರ್ಗ್‌ನಲ್ಲಿ ಕಾಲವನ್ನೇ ನಿಲ್ಲಿಸಿಬಿಡುತ್ತಾನೆ. ಅಗಾಥಾ ಹೊರಬರುವ ಹೊತ್ತಿಗೆ ಹೊರಗಿನ ಲೋಕದಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದಿರುತ್ತದೆ. ಕಾಲವನ್ನು ನಿಲ್ಲಿಸುವ ಮೊದಲೇ ಬ್ಯಾರನ್ ತನ್ನ ಮನಸ್ಸಿನ ಪ್ರತಿಯನ್ನು ಮಗ ಗಿಲ್ಗಮೆಶ್‌ನ ತಲೆಯಲ್ಲಿ ಇಟ್ಟಿದ್ದಾನೆ. ಪರಸ್ಪರ ಪ್ರೀತಿಸುವ ಇಬ್ಬರ ತಲೆಯಲ್ಲೂ ಒಬ್ಬೊಬ್ಬ ಹೆತ್ತವರು ಕುಳಿತಂತಾಯಿತು. ವಂಶದ ಶಾಪವೆಂಬ ರೂಢಿ ಇಲ್ಲಿ ಎರಡು ಪಟ್ಟಾಗಿರುವುದರಿಂದ, ಮಾತನಾಡುತ್ತಿರುವುದು ಯಾರ ಮನಸ್ಸು ಎಂಬ ನಾಲ್ಕನೆಯ ಅಂಕಣವನ್ನು ಈಗಲೇ ಸೇರಿಸಿದ್ದೇನೆ. ಕಾರ್ಬೆಟೈಟ್ ಸನ್ಯಾಸಿಗಳು ನಡೆಸುವ ರೈಲುಗಳ ಭಾಗದಿಂದ ಅದನ್ನು ತುಂಬಲು ಶುರುಮಾಡುತ್ತೇನೆ, ಪ್ಯಾರಿಸ್ ತಲುಪಿದ ಮೇಲೆ ಗಿಲ್ಗಮೆಶ್‌ನ ಗುಳ್ಳೆಗಳನ್ನೂ ಹಾಗೆಯೇ ಪೆನ್ಸಿಲಿನಲ್ಲಿ ನಕಲು ಮಾಡಿ, ತಂದೆಯ ಮಾತುಗಳಿಗೆ ಬೇರೆ ಬಣ್ಣ ಹಚ್ಚುವ ಯೋಚನೆಯಿದೆ.