1,200 ಅಡಿಗೆ ಎರಡು ಇಂಚು

ರಾತ್ರಿಯಿಡೀ ನಮ್ಮ ಬೀದಿ ಕೊನೇಲಿ ಬೋರ್‌ವೆಲ್ ಲಾರಿ ಗುಡುಗಿದ್ದೇ ಗುಡುಗಿದ್ದು. ಊರಿನ ನಲ್ಲಿಗೆ ಹೊಸ ನೀರಂತೆ. ಬೆಳಿಗ್ಗೆ ನೋಡಿದರೆ ತುಳಸಿಕಟ್ಟೆ ಮೇಲೂ ಬೂದಿಯಂಥ ಕಲ್ಲುಪುಡಿ. 1,200 ಅಡಿ ಆಳದಲ್ಲಿ ಎರಡು ಇಂಚು ನೀರು ಸಿಕ್ಕಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇಕೆ. ಪಕ್ಕದ ಮನೆ ಅಜ್ಜಿ ಮಾತ್ರ "ನಾವು ಬಾವೀಲಿ ಬಗ್ಗಿ ಬಿಂದಿಗೇಲೇ ಮೊಗೀತಿದ್ವಿ ಕಣಪ್ಪ" ಅಂದರು.

ನಮ್ಮ ಕೋಲಾರದಲ್ಲಿ ಕೆಳಗೆಲ್ಲ ಗಟ್ಟಿ ಬಂಡೆ. ನೀರಿರೋದು ಅದರ ಬಿರುಕಲ್ಲಿ. ಬಂಡೆಯೊಳಗೆ ಬಹಳ ಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುತ್ತೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕಾಗಲ್ಲ.

2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಲ್ಲಿ ನಮ್ಮ ಕೆರೆಗಳಿಗೆ ಬರ್ತಿದೆ, ಅಂತರ್ಜಲ ತುಂಬಿಸೋಕೆ. ಈ ಎರಡು ಇಂಚಲ್ಲಿ ಬೆಂಗಳೂರಿನ ಯಾರ ಮನೆ ಬಚ್ಚಲಿನದು ಎಷ್ಟಿದೆಯೋ! ಅಜ್ಜಿಗೆ ಇದನ್ನ ಹೇಳಿಲ್ಲ.