ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿಸುವುದು: ಆರು ಶನಿವಾರಗಳ ದಾಖಲೆ

ನಮ್ಮೂರಿನ ಗ್ರಂಥಾಲಯದಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಒಂಬತ್ತು ಮಕ್ಕಳೊಡನೆ ನಡೆಸುತ್ತಿರುವ ಓದಿನ ಪ್ರಯತ್ನಕ್ಕೆ ಇಂದಿಗೆ ಆರು ವಾರಗಳಾದವು. ಮಗು ಕಥೆಯನ್ನು ಒಮ್ಮೆ ಗಟ್ಟಿಯಾಗಿ, ಒಮ್ಮೆ ಮನಸ್ಸಿನಲ್ಲೇ ಓದಿ, ಪುಸ್ತಕ ಮುಚ್ಚಿಟ್ಟು, ಸ್ವಂತ ಮಾತಿನಲ್ಲಿ ಹೇಳುತ್ತದೆ. ನಾನು ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ರಾತ್ರಿ ಮತ್ತೆ ಕೇಳಿ, ಪಾತ್ರ, ಸ್ಥಳ, ತೊಡಕು, ಪ್ರಯತ್ನ, ಪರಿಹಾರ ಎಂಬ ಐದು ಕಲಂಗಳ ಹಾಳೆಯಲ್ಲಿ ಗುರುತು ಹಾಕುತ್ತೇನೆ.

ಮೊದಲು ಕೊಟ್ಟದ್ದು ಕೋತಿ ಮತ್ತು ಮೊಸಳೆಯ ಕಥೆ. ಒತ್ತಕ್ಷರಗಳಲ್ಲಿ ಎಲ್ಲಿಯೂ ತಡವರಿಸದೆ ಓದಿದ ಹುಡುಗಿ, “ಮೊಸಳೆ ಕೋತೀನ ಬೆನ್ನ ಮೇಲೆ ಕೂರಿಸ್ಕೊಂಡು ಹೋಯ್ತು, ಆಮೇಲೆ ವಾಪಸ್ ಬಂತು, ಆಮೇಲೆ ಕೋತಿ ಮರ ಹತ್ತಿತು” ಎಂದು ಮುಗಿಸಿದಳು. ನಡುನೀರಿನಿಂದ ಮೊಸಳೆ ಹಿಂತಿರುಗಿದ್ದೇಕೆ ಎಂಬುದು ಅವಳ ಕಥೆಯಲ್ಲಿ ಇರಲೇ ಇಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವ ಹುಡುಗನಾದರೋ, “ನನ್ ಗುಂಡಿಗೆ ಮರದ್ ಮೇಲೇ ಐತೆ ಅಂದ್ಬುಡ್ತು ಕೋತಿ, ಅದನ್ನ ನಂಬ್ಕೊಂಡು ಮೊಸಳೆ ತಿರುಗ್ತು” ಎಂದ. ಪುಸ್ತಕದಲ್ಲಿದ್ದ ಪದ ‘ಹೃದಯ’ವಾದ್ದರಿಂದ ನಾನು ಅಲ್ಲಿ ತಪ್ಪು ಹಾಕಿದ್ದೆ, ಅದು ನನ್ನ ತಪ್ಪು. ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯನ್ನು ಓದಿದವರು ಅದನ್ನು ನೆನಪಿನಿಂದ ಬರೆಯುವಾಗ ‘ಕನೂ’ (ಹುಟ್ಟು ಹಾಕಿ ನಡೆಸುವ ಕಿರಿದಾದ ನಾವೆ) ಎಂಬುದನ್ನು ತಮಗೆ ರೂಢಿಯಾದ ‘ದೋಣಿ’ಯಾಗಿಸಿದ್ದರು, ಒಗ್ಗದ ಸಂಗತಿಗಳನ್ನು ಬಿಟ್ಟಿದ್ದರು. ಪದ ಬದಲಾಗುವುದು ಬೇರೆ, ಕಾರಣವೇ ಕಳಚಿಹೋಗುವುದು ಬೇರೆ. ಆದ್ದರಿಂದ ಎರಡನೆಯ ವಾರ ಹಾಳೆಗೆ ‘ಏಕೆ’ ಎಂಬ ಆರನೆಯ ಕಲಂ ಸೇರಿಸಿದೆ. “ಆಮೇಲೆ?” ಎಂದು ನಾನು ಕೇಳುತ್ತಿದ್ದುದನ್ನೂ ನಿಲ್ಲಿಸಿದೆ, ಏಕೆಂದರೆ ಆ ಪ್ರಶ್ನೆ ಘಟನೆಗಳ ಸಾಲನ್ನಷ್ಟೇ ಹೊರಡಿಸುತ್ತದೆ.

ಕೋತಿಯ ಕಥೆಯನ್ನು ಹಲವರು ಮನೆಯಲ್ಲಿ ಮೊದಲೇ ಕೇಳಿದ್ದರು. ಓದಿ ತಿಳಿದದ್ದಾವುದು, ಕೇಳಿ ತಿಳಿದದ್ದಾವುದು ಎಂದು ಬೇರ್ಪಡಿಸಲಾಗದೆ, ನಾನೇ ಒಂದು ಪುಟದ ಕಥೆ ಬರೆದೆ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿವೆ. ಅದನ್ನು ಕಂಡ ಕುಂಬಾರಜ್ಜಿ ಅಂಗಳದಲ್ಲಿ ಒಣಗಲಿಟ್ಟಿದ್ದ ಹಸಿ ಮಡಕೆಗಳನ್ನೆಲ್ಲ ಒಳಗೆ ಸಾಗಿಸುತ್ತಾಳೆ. ಮಳೆ ಎಂಬ ಪದವನ್ನು ಬೇಕೆಂದೇ ಎಲ್ಲಿಯೂ ಬರೆಯಲಿಲ್ಲ.

ಕಥೆ ಗೊತ್ತಿರುವ ನನಗೆ ಹೇಳುವಾಗ ಮಕ್ಕಳು ಎಷ್ಟೋ ಸಂಗತಿಗಳನ್ನು ಹೇಳದೆ ಬಿಡುತ್ತಾರೆಂದು ತೋರಿದ್ದರಿಂದ, ಈ ವಾರ ಕಥೆ ತಿಳಿಯದವರನ್ನೇ ಕೇಳುಗರಾಗಿ ಕೂರಿಸಿದೆ. ಅದೇ ಹುಡುಗಿ ಎರಡನೆಯ ತರಗತಿಯ ತನ್ನ ತಮ್ಮನಿಗೆ, “ಅಜ್ಜಿ ಮಡಕೆ ಎಲ್ಲಾ ಒಳಗಿಟ್ಳು” ಎಂದಳು. ಅವನು “ಯಾಕಕ್ಕ?” ಎಂದ. ಅವಳು ಸುಮ್ಮನಾದಳು, ಹಾಳೆಯನ್ನು ಮತ್ತೆ ಎಳೆದುಕೊಂಡು, ಸಾಲುಗಳ ಮೇಲೆ ಬೆರಳಾಡಿಸುತ್ತ, ಇರುವೆಯ ಸಾಲಿನಲ್ಲಿ ನಿಂತಳು. “ಮಳೆ ಬರ್ತದೆ ಕಣೋ! ಸುಟ್ಟಿಲ್ವಲ್ಲ, ನೆಂದ್ರೆ ಮಡಕೆ ಕರಗೋಗ್ತವೆ.”

‘ಏಕೆ’ ಕಲಂನಲ್ಲಿ ಅವಳ ಹೆಸರಿನ ಮುಂದೆ, ಮರಳಿ ಓದಿ ಹೇಳಿದ್ದಕ್ಕೆಂದು ಇಟ್ಟಿರುವ ತ್ರಿಕೋನದ ಗುರುತನ್ನು ಹಾಕಿದ್ದೇನೆ.